ನಾಲ್ಕು ಬದಿ ಅಳೆದರೂ ಸಿಗದ ಹೊಲ

ತಿಕೋಟಾದ ಸುತ್ತ ಎಲ್ಲೋ ಒಂದು ಹೊಲ ಮಾರಾಟಕ್ಕಿದೆ ಎಂದಿಟ್ಟುಕೊಳ್ಳಿ. ನಾಲ್ಕು ಬದಿಯ ಹೊಲ. ಬದಿಗಳು ನಾಲ್ಕೂ ಐದೈದು ಸರಪಳಿ. ಮೋಜಣಿಯ ಹಳೆಯ ಸರಪಳಿ 33 ಅಡಿಯದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ನಮ್ಮ ಕಡೆ ಶಾಲೆ ಮೆಟ್ಟಿಲು ಹತ್ತದವರಿಗೂ ಬಾಯಿಪಾಠ. ಹಾಗಾದರೆ ಹೊಲ ಎಷ್ಟು ಗುಂಟೆ? ಚಹಾದಂಗಡಿಯ ಕಟ್ಟೆಯ ಮೇಲೆ ಕೇಳಿ ನೋಡಿ. 'ಐದೈದಲೆ ಇಪ್ಪತ್ತೈದು, ಇದರಾಗ ಕೇಳೂದೇನೈತಿ?' ಎನ್ನುತ್ತಾರೆ.

ಕೇಳುವುದಿದೆ. ಹೊಲ ನೆಟ್ಟಗಿನ ಚೌಕವಾಗಿದ್ದರೆ 25 ಗುಂಟೆ ಸರಿ. ಆದರೆ ಅದೇ ನಾಲ್ಕು ಬದಿಗಳು ತುಸು ವಾಲಿ, ಮೂಲೆಯಿಂದ ಎದುರು ಮೂಲೆಗೆ ಒಂದು ಕಡೆ 6 ಸರಪಳಿ, ಇನ್ನೊಂದು ಕಡೆ 8 ಸರಪಳಿ ಬಂದರೆ ಹೊಲ 24 ಗುಂಟೆಯಾಗುತ್ತದೆ. ಇನ್ನೂ ವಾಲಿ ಒಂದು ಕರ್ಣ 2.8 ಸರಪಳಿ, ಇನ್ನೊಂದು 9.6 ಸರಪಳಿ ಆದರೆ ಉಳಿಯುವುದು ಬರೀ 13.44 ಗುಂಟೆ. ಮೂರರಲ್ಲೂ ಬದಿಗಳು ಐದೈದೇ. ಟೇಪು ಸುಳ್ಳು ಹೇಳಿಲ್ಲ, ಮಾರುವವನೂ ಹೇಳಿಲ್ಲ. ಆದರೂ ಹೆಚ್ಚುಕಡಿಮೆ ಹನ್ನೆರಡು ಗುಂಟೆ ಎಲ್ಲೋ ಹೋಯಿತು.

ಈ ಲೆಕ್ಕ ನನ್ನದಲ್ಲ, ಭಾಸ್ಕರಾಚಾರ್ಯರದು. 'ಲೀಲಾವತಿ'ಯಲ್ಲಿ ಅವರು ನಾಲ್ಕೂ ಬದಿ 25 ಇರುವ ಆಕೃತಿಯನ್ನು ಕೊಟ್ಟು, ಕರ್ಣಗಳು 30 ಮತ್ತು 40 ಆದಾಗ ಕ್ಷೇತ್ರಫಲ 600, 14 ಮತ್ತು 48 ಆದಾಗ 336, ಎರಡೂ ಕರ್ಣ ಸಮವಾದಾಗ 625 ಎಂದು ತೋರಿಸುತ್ತಾರೆ. ಪ್ರತಿ ಅಳತೆಯನ್ನೂ ಐದರಿಂದ ಭಾಗಿಸಿ ನಾನು ಸರಪಳಿಗೆ ಇಳಿಸಿದ್ದೇನೆ, ಅಷ್ಟೇ. ಅದೇ ಪ್ರಕರಣದಲ್ಲಿ ಅವರು ಸಿಟ್ಟಿಗೇಳುವ ಜಾಗವೊಂದಿದೆ. ಲಂಬವನ್ನೋ ಕರ್ಣವನ್ನೋ ಹೇಳದೆ, ನಾಲ್ಕು ಬದಿ ಮಾತ್ರ ಕೊಟ್ಟು ಚತುರ್ಭುಜದ ಫಲ ಕೇಳುವವನನ್ನು ಪಿಶಾಚಿ ಎಂದು ಕರೆಯುತ್ತಾರೆ. ಅಂಥ ಪ್ರಶ್ನೆಗೆ ಉತ್ತರ ಕೊಡಲು ಹೋಗುವವನು ಅವನಿಗಿಂತ ದೊಡ್ಡ ಪಿಶಾಚಿಯಂತೆ. ಗಣಿತದ ಗ್ರಂಥದಲ್ಲಿ ಬೈಗುಳ ಸಿಗುವುದೇ ಅಪರೂಪ, ಸಿಕ್ಕಿದ್ದೂ ಎಂಥ ಸರಿಯಾದ ಜಾಗದಲ್ಲಿ!

ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರೇ ಎಂದು ಓದಿ ಬೆಳೆದವರು ನಾವು. 1114ರಲ್ಲಿ ಹುಟ್ಟಿ, 36ನೆಯ ವಯಸ್ಸಿಗೆ, 1150ರಲ್ಲಿ ಸಿದ್ಧಾಂತಶಿರೋಮಣಿ ಬರೆದರು ಎಂಬುದರಲ್ಲಿ ತಕರಾರಿಲ್ಲ. ಊರಿನ ವಿಷಯದಲ್ಲಿ ಇದೆ. ತಮ್ಮ ಊರು ವಿಜ್ಜಡವಿಡ, ಅದು ಸಹ್ಯಾದ್ರಿಯ ಮಗ್ಗುಲಲ್ಲಿದೆ ಎನ್ನುತ್ತಾರೆ ಅವರು. ವಿಜಯಪುರದ ಬಯಲಿನಲ್ಲಿ ನಿಂತು ಸಹ್ಯಾದ್ರಿ ಹುಡುಕುವುದು ಕಷ್ಟ. ಅವರ ಮೊಮ್ಮಗ ಚಾಂಗದೇವ ಮಠ ಕಟ್ಟಿಸಿದ ಶಾಸನ ಸಿಕ್ಕಿರುವುದು ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದಲ್ಲಿ. ಸಾಕ್ಷಿ ಆ ಕಡೆಗೇ ಹೆಚ್ಚು ವಾಲುತ್ತದೆ ಎಂದು ನನಗನಿಸುತ್ತದೆ. ಇರಲಿ. ಊರು ಯಾವುದಾದರೂ ಅವರ ಬೈಗುಳ ನಮ್ಮ ಹೊಲಗಳಿಗೆ ಚೆನ್ನಾಗಿ ಹೊಂದುತ್ತದೆ.

ಏಕೆಂದರೆ ನಮ್ಮಲ್ಲಿ ಇವತ್ತಿಗೂ ಖಾಸಗಿಯಾಗಿ ಹೊಲ ಅಳೆಯುವಾಗ ನಡೆಯುವ ರೂಢಿ ಇದು: ಎದುರುಬದುರಿನ ಎರಡು ಬದಿ ಕೂಡಿಸಿ ಅರ್ಧ ಮಾಡು, ಉಳಿದೆರಡನ್ನೂ ಕೂಡಿಸಿ ಅರ್ಧ ಮಾಡು, ಎರಡನ್ನೂ ಗುಣಿಸು. ಹಳೆಯ ರೂಢಿಯೇ. ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಯ ಮೇಲೆ ಹೊಲಗಳ ಲೆಕ್ಕ ಹೀಗೇ ಕೆತ್ತಲಾಗಿದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಕೂಡ ಈ ವಿಧಾನವನ್ನು ಹೇಳಿದ, ಆದರೆ ಇದು ಸ್ಥೂಲ ಲೆಕ್ಕ ಎಂದು ಚೀಟಿ ಅಂಟಿಸಿಯೇ ಹೇಳಿದ. ಈ ಸ್ಥೂಲಕ್ಕೆ ಒಂದು ಚಾಳಿಯಿದೆ. ಅದು ತಪ್ಪಿದಾಗಲೆಲ್ಲ ಹೆಚ್ಚಿನ ಕಡೆಗೇ ತಪ್ಪುತ್ತದೆ. ಮೂಲೆಗಳು ನಾಲ್ಕೂ ನೆಟ್ಟಗಿರುವ ಆಯತದಲ್ಲಿ ಮಾತ್ರ ಅದು ಸರಿ, ಬೇರೆ ಯಾವ ಹೊಲದಲ್ಲಾದರೂ ಇರುವುದಕ್ಕಿಂತ ಹೆಚ್ಚು ಗುಂಟೆ ತೋರಿಸುತ್ತದೆ. ಕೊಳ್ಳುವವನ ಪರವಾಗಿ ಅದು ಒಮ್ಮೆಯೂ ತಪ್ಪುವುದಿಲ್ಲ.

ಈಗ ನಾಲ್ಕು ಬದಿ ಬಿಟ್ಟು ಮೂರಕ್ಕೆ ಬನ್ನಿ. ಮೂರು ಬದಿಯ ಹೊಲದಲ್ಲಿ ಬದಿಗಳು 5, 6, 7 ಸರಪಳಿ ಎಂದ ಕೂಡಲೇ ಎಲ್ಲವೂ ಮುಗಿಯಿತು. ಮೂಲೆ ಎಷ್ಟು ತೆರೆದಿದೆ ಎಂದು ಕೇಳಬೇಕಿಲ್ಲ, ಲಂಬ ಬೇಕಿಲ್ಲ. ಅದು ಒಂದೇ ರೀತಿಯ ಹೊಲ. ಯಾಕೆ? ಕೈವಾರ ಹಿಡಿದು ನೋಡಿ. 7ರ ಬದಿಯನ್ನು ನೆಲದ ಮೇಲೆ ಎಳೆಯಿರಿ. ಅದರ ಒಂದು ತುದಿಯಿಂದ 5ರ ಕಂಸ, ಇನ್ನೊಂದು ತುದಿಯಿಂದ 6ರ ಕಂಸ. ಎರಡೂ ಕೂಡುವುದು ಎರಡೇ ಕಡೆ, ಗೆರೆಯ ಮೇಲೊಂದು, ಕೆಳಗೊಂದು. ಮೇಲಿನದನ್ನು ಮಗುಚಿದರೆ ಕೆಳಗಿನದು. ಅಂದರೆ ತ್ರಿಭುಜ ಒಂದೇ. ನಾಲ್ಕು ಬದಿಯ ಆಕೃತಿಗೆ ಈ ಭಾಗ್ಯವಿಲ್ಲ, ಅದು ಮೂಲೆಗಳಲ್ಲಿ ತಿರುಗುತ್ತದೆ.

ಒಣದ್ರಾಕ್ಷಿ ಶೆಡ್ಡುಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬೆಳೆದವರ ಹೊಲದ ಅಂಚಿನಲ್ಲಿ ನೆಟ್ಟ, ಜಾಳಿಗೆ ಅಂತಸ್ತುಗಳ ಆ ಉದ್ದನೆಯ ಶೆಡ್ಡುಗಳು. ನಿಂತ ಕಂಬಗಳು, ಅಡ್ಡ ಪಟ್ಟಿಗಳು ಎರಡೇ ಇದ್ದರೆ ಗಾಳಿ ಬಂದಾಗ ಇಡೀ ಚೌಕಟ್ಟು ಒಂದು ಕಡೆ ಓಲುತ್ತದೆ. ಅದಕ್ಕೇ ವೆಲ್ಡಿಂಗ್ ಮಾಡುವವನು ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಪಟ್ಟಿ ಹೊಡೆಯುತ್ತಾನೆ. ಚೌಕ ಎರಡು ತ್ರಿಭುಜವಾಯಿತು, ಮೂರು ಬದಿ ಗಟ್ಟಿಯಾದ ಮೇಲೆ ಮೂಲೆ ಅಲುಗಾಡಲು ಜಾಗವೇ ಇಲ್ಲ. ಅವನು ಪ್ರಮೇಯ ಓದಿರಬೇಕಾಗಿಲ್ಲ. ಹಳೆಯ ಮೋಜಣಿಯವರೂ ಇದನ್ನೇ ನೆಚ್ಚಿದವರು. ಮುಂಬಯಿ ಆಧಿಪತ್ಯದ ಕಾಲದಿಂದ ನಡೆದು ಬಂದ ಟಿಪ್ಪಣಿಯಲ್ಲಿ ಹೊಲದೊಳಗೆ ಒಂದು ಉದ್ದ ಗೆರೆ ಹಿಡಿದು, ಬದಿಯ ಮೂಲೆಗಳಿಂದ ಆ ಗೆರೆಗೆ ಲಂಬಗಳನ್ನು ಅಳೆದು ಬರೆಯುತ್ತಾರೆ. ಲಂಬವನ್ನೋ ಕರ್ಣವನ್ನೋ ಹೇಳು ಎಂದು ಭಾಸ್ಕರರು ಕೇಳಿದ್ದು ಇದನ್ನೇ. ಈಗ ರೋವರ್ ಯಂತ್ರ ಬಂದು ಪ್ರತಿ ಮೂಲೆಯ ಸ್ಥಾನವನ್ನೇ ದಾಖಲಿಸುತ್ತದೆ, ಆ ಮಾತು ಬೇರೆ.

ಇಷ್ಟೂ ಹೇಳಿದ್ದು ಶಾಲೆಯ ಒಂದು ಪಾಠಕ್ಕಾಗಿ. ಏಳನೆಯ ತರಗತಿಯಲ್ಲಿ ಪರಿಚಯವಾಗಿ, ಒಂಬತ್ತನೆಯಲ್ಲಿ ಪ್ರಮೇಯದ ವೇಷ ತೊಟ್ಟು ಬರುವ 'ತ್ರಿಭುಜಗಳ ಸರ್ವಸಮತೆ'. ಮಕ್ಕಳು ಅದನ್ನು ಬಾಬಾಬಾ, ಬಾಕೋಬಾ, ಕೋಬಾಕೋ, ಕೋಕೋಬಾ, ಲಂವಿಬಾ ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಬಾ ಎಂದರೆ ಬಾಹು, ಕೋ ಎಂದರೆ ಕೋನ, ಲಂವಿಬಾ ಎಂದರೆ ಲಂಬಕೋನ, ವಿಕರ್ಣ, ಬಾಹು. ಒಪ್ಪಿಸಿದವರಿಗೆ ಅಂಕ ಸಿಗುತ್ತದೆ. ಆದರೆ ಈ ಐದು ಹೆಸರುಗಳ ಹಿಂದೆ ಇರುವ ಪ್ರಶ್ನೆ ಒಂದೇ: ಎಷ್ಟು ಹೇಳಿದರೆ, ಯಾವುದನ್ನು ಹೇಳಿದರೆ, ತ್ರಿಭುಜ ಒಂದೇ ಒಂದು ಎಂದು ಖಚಿತವಾಗುತ್ತದೆ? ತ್ರಿಭುಜಕ್ಕೆ ಮೂರು ಬಾಹು, ಮೂರು ಕೋನ, ಒಟ್ಟು ಆರು ಅಳತೆ. ನಾನು ಫೋನಿನಲ್ಲಿ ಕೆಲವು ಅಳತೆ ಹೇಳುತ್ತೇನೆ, ನೀವು ಅತ್ತ ಕಡೆ ಕಾಗದದ ಮೇಲೆ ಬರೆಯುತ್ತೀರಿ. ನನ್ನ ತ್ರಿಭುಜದ ಮೇಲೆ ನಿಮ್ಮದನ್ನಿಟ್ಟರೆ ಕೂಡಲೇಬೇಕು. ಕೂಡುವಂತೆ ಮಾಡಲು ಕನಿಷ್ಠ ಏನೇನು ಹೇಳಬೇಕು? ಪಾಠ ಶುರುವಾಗಬೇಕಾದದ್ದು ಇಲ್ಲಿಂದ. ನಿಯಮಗಳ ಪಟ್ಟಿ ಆಮೇಲೆ ತಾನಾಗಿ ಬರುತ್ತದೆ.

ಮೂರೂ ಕೋನ ಹೇಳಿದರೆ ಸಾಕೆ? ಸಾಲದು. ತರಗತಿಯ ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ಇದ್ದರೆ ಅದರಲ್ಲಿ ವಿಜಯಪುರ, ತಿಕೋಟಾ, ಬಬಲೇಶ್ವರ ಮೂರನ್ನೂ ಗೆರೆಯಿಂದ ಕೂಡಿಸಿ. ಆ ತ್ರಿಭುಜದ ಕೋನಗಳು ನೆಲದ ಮೇಲಿನ ದೊಡ್ಡ ತ್ರಿಭುಜದ ಕೋನಗಳೇ. ಆದರೆ ನಕ್ಷೆಯಲ್ಲಿ ಬೆರಳುದ್ದ ಇರುವ ಬದಿ ನೆಲದ ಮೇಲೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ರೂಪ ಒಂದೇ, ಗಾತ್ರ ಬೇರೆ. ಅದು ಸಮರೂಪತೆ, ಹತ್ತನೆಯ ತರಗತಿಯ ವಿಷಯ. ಸರ್ವಸಮವಾಗಬೇಕಾದರೆ ಕನಿಷ್ಠ ಒಂದಾದರೂ ಉದ್ದ ಬೇಕು.

ಇಲ್ಲಿ ಜಾಣ ಹುಡುಗಿಯೊಬ್ಬಳು ಹೀಗೆ ವಾದಿಸಬಹುದು: ಮೂರು ಹೊಂದಿದರೆ ಸಾಕು ಎನ್ನುತ್ತೀರಿ, ಐದು ಹೊಂದಿಸಿ ಕೊಡುತ್ತೇನೆ, ಆಗಲಂತೂ ಸರಿಯಲ್ಲವೇ? ಒಂದು ತ್ರಿಭುಜದ ಬಾಹುಗಳು 8, 12, 18. ಇನ್ನೊಂದರವು 12, 18, 27. ಎರಡನೆಯದರ ಪ್ರತಿ ಬಾಹುವೂ ಮೊದಲನೆಯದರ ಒಂದೂವರೆ ಪಟ್ಟು. ಹಾಗಾಗಿ ಕೋನಗಳು ಮೂರೂ ಸಮ. ಜೊತೆಗೆ 12 ಎರಡರಲ್ಲೂ ಇದೆ, 18 ಎರಡರಲ್ಲೂ ಇದೆ. ಆರರಲ್ಲಿ ಐದು ಹೊಂದಿದವು! ಆದರೂ ಇವು ಸರ್ವಸಮ ಅಲ್ಲ, ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಏಕೆ ಹೀಗಾಯಿತು? ಮೊದಲನೆಯದರಲ್ಲಿ 12 ನಡುವಿನ ಬಾಹು, ಎರಡನೆಯದರಲ್ಲಿ ಅದೇ 12 ಅತಿ ಚಿಕ್ಕ ಬಾಹು. ಒಂದರಲ್ಲಿ ಅದು ಎದುರಿಸಿ ನಿಂತ ಕೋನ ಬೇರೆ, ಇನ್ನೊಂದರಲ್ಲಿ ಬೇರೆ. ಎಷ್ಟು ಹೊಂದಿದವು ಎಂದು ಎಣಿಸಿ ಪ್ರಯೋಜನವಿಲ್ಲ, ಯಾವುದರ ಎದುರು ಯಾವುದು ಎಂದು ನೋಡಬೇಕು. ಈ ಜೋಡಿಯನ್ನು ಒಂಬತ್ತನೆಯ ತರಗತಿಯ ಕಪ್ಪು ಹಲಗೆಯ ಮೇಲೆ ಒಮ್ಮೆ ಬರೆದರೆ 'ಅನುರೂಪ' ಎಂಬ ಮಾತಿಗೆ ಬೇರೆ ವಿವರಣೆ ಬೇಡ.

ಮಕ್ಕಳು ಎಡವುವ ಇನ್ನೊಂದು ಜಾಗ ಎರಡು ಬಾಹು, ಒಂದು ಕೋನ. ಕೋನ ಆ ಎರಡು ಬಾಹುಗಳ ನಡುವೆ ಏರ್ಪಟ್ಟಿದ್ದರೆ ಬಾಕೋಬಾ, ತಕರಾರಿಲ್ಲ. ಕೋನ ಹೊರಗಿದ್ದರೆ? ಹೊಲದ ಒಡ್ಡೊಂದು ಮೂಲೆಯಿಂದ ನೆಟ್ಟಗೆ ಸಾಗಿದೆ. ಮೂಲೆಯಿಂದ 8 ಮಾರು ದೂರದಲ್ಲಿ, ಒಡ್ಡಿಗೆ 30 ಡಿಗ್ರಿ ಓರೆಯಾಗಿ ಒಂದು ಗೂಟ ಹೊಡೆದು, 5 ಮಾರು ಹಗ್ಗದಲ್ಲಿ ಆಡು ಕಟ್ಟಿದ್ದೀರಿ. ಗೂಟದಿಂದ ಒಡ್ಡಿಗೆ ನೇರ ದೂರ 4 ಮಾರು, ಹಗ್ಗ ಅದಕ್ಕಿಂತ ಉದ್ದ. ಹಾಗಾಗಿ ಹಗ್ಗ ಬಿಗಿಹಿಡಿದು ಆಡು ಸುತ್ತು ಹಾಕಿದರೆ ಒಡ್ಡನ್ನು ಎರಡು ಕಡೆ ಮುಟ್ಟುತ್ತದೆ. ಒಮ್ಮೆ ಮೂಲೆಯಿಂದ ಸುಮಾರು 3.93 ಮಾರಿಗೆ, ಇನ್ನೊಮ್ಮೆ 9.93 ಮಾರಿಗೆ. ಎರಡು ತ್ರಿಭುಜಗಳಾದವು. ಎರಡರಲ್ಲೂ 8 ಇದೆ, 5 ಇದೆ, 30 ಡಿಗ್ರಿ ಇದೆ. ಒಂದು ಚಿಕ್ಕದು, ಒಂದು ಉದ್ದನೆಯದು. ಹೀಗಾಗಿ ಬಾಬಾಕೋ ಎಂಬ ನಿಯಮ ಪುಸ್ತಕದಲ್ಲಿ ಇಲ್ಲ.

ಆದರೆ ಪುಸ್ತಕ ಇಲ್ಲಿಗೇ ನಿಂತು ಬಿಡುತ್ತದೆ, ಅದು ನನ್ನ ದೂರು. ಆಡಿನ ಹಗ್ಗವನ್ನು ಉದ್ದ ಮಾಡುತ್ತ ಹೋಗಿ. 8 ಮಾರೋ ಅದಕ್ಕಿಂತ ಹೆಚ್ಚೋ ಆದಾಗ ಮೂಲೆಯಿಂದ ಮುಂದಕ್ಕೆ ಸಾಗುವ ಒಡ್ಡಿನ ಮೇಲೆ ಮುಟ್ಟುವ ಜಾಗ ಒಂದೇ ಉಳಿಯುತ್ತದೆ. ಗಿಡ್ಡ ಮಾಡುತ್ತ ಬಂದು ಸರಿಯಾಗಿ 4 ಮಾರಿಗೆ ನಿಲ್ಲಿಸಿದರೂ ಒಂದೇ, ಅಲ್ಲಿ ಹಗ್ಗ ಒಡ್ಡಿಗೆ ಲಂಬ. 4ಕ್ಕಿಂತ ಕಡಿಮೆಯಾದರೆ ಆಡು ಒಡ್ಡನ್ನು ಮುಟ್ಟುವುದೇ ಇಲ್ಲ. ಗೊಂದಲ ಇರುವುದು 4ಕ್ಕೂ 8ಕ್ಕೂ ನಡುವೆ ಮಾತ್ರ. ಇನ್ನು ಗೂಟವನ್ನು ಮೂಲೆಯ ನೇರಕ್ಕೆ, ಒಡ್ಡಿಗೆ ಲಂಬವಾಗಿ ನಿಲ್ಲಿಸಿ ಹಗ್ಗ ಉದ್ದ ಬಿಟ್ಟರೆ ಆಡು ಮೂಲೆಯ ಎಡಕ್ಕೂ ಬಲಕ್ಕೂ ಸರಿಸಮ ದೂರದಲ್ಲಿ ಮುಟ್ಟುತ್ತದೆ. ಎರಡೂ ತ್ರಿಭುಜ ಒಂದರ ಕನ್ನಡಿಬಿಂಬ ಇನ್ನೊಂದು, ಅಂದರೆ ಸರ್ವಸಮ. ಲಂವಿಬಾ ಎಂಬ ನಿಯಮ ಆಕಾಶದಿಂದ ಇಳಿದದ್ದಲ್ಲ, ಸಾಮಾನ್ಯವಾಗಿ ಸೋಲುವ ಬಾಬಾಕೋ ಗೆಲ್ಲುವ ಒಂದು ಸಂದರ್ಭ ಅಷ್ಟೇ. ಒಂದೇ ಹಗ್ಗ, ಒಂದೇ ಗೂಟದಲ್ಲಿ ಇಷ್ಟೂ ಹೇಳಬಹುದಾದಾಗ ಲಂವಿಬಾವನ್ನು ಬೇರೆ ಪುಟದಲ್ಲಿ, ಸಂಬಂಧವೇ ಇಲ್ಲದ ಹೊಸ ನಿಯಮ ಎಂಬಂತೆ ಕಲಿಸುವುದು ಏಕೋ.

ಒಂದು ಬಾಹು, ಅದರ ಎರಡು ತುದಿಯ ಕೋನಗಳು, ಅಂದರೆ ಕೋಬಾಕೋ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು, ಏಕೆಂದರೆ ಹೋಗಲಾಗದ ಜಾಗದ ದೂರವನ್ನು ಇದು ಹೇಳುತ್ತದೆ. ಮಳೆಗಾಲದಲ್ಲಿ ಡೋಣಿ ತುಂಬಿ ಹರಿಯುವಾಗ ಅದರ ಅಗಲ ಎಷ್ಟು ಎಂದು ತಿಳಿಯಬೇಕೆಂದುಕೊಳ್ಳಿ. ನೀರಿಗಿಳಿಯಬೇಡಿ. ಆಚೆ ದಡದ ಅಂಚಿನಲ್ಲಿ ಒಂದು ಜಾಲಿಗಿಡ ಗುರುತಿಸಿ, ಅದರ ನೇರಕ್ಕೆ ಈ ದಡದಲ್ಲಿ ನಿಲ್ಲಿ. ಅಲ್ಲಿಂದ ದಡದ ಗುಂಟ 20 ಹೆಜ್ಜೆ ನಡೆದು ಒಂದು ಕೋಲು ನೆಡಿ. ಅದೇ ನೇರದಲ್ಲಿ ಇನ್ನೂ 20 ಹೆಜ್ಜೆ ಹೋಗಿ. ಈಗ ನದಿಗೆ ಬೆನ್ನು ಮಾಡಿ, ದಡಕ್ಕೆ ಲಂಬವಾಗಿ ಹೊಲದೊಳಕ್ಕೆ ನಡೆಯುತ್ತ, ಆಗಾಗ ಹಿಂದೆ ತಿರುಗಿ ನೋಡಿ. ಕೋಲು ಮತ್ತು ಜಾಲಿಗಿಡ ಒಂದೇ ಗೆರೆಗೆ ಬಂದ ಕಡೆ ನಿಲ್ಲಿ. ದಡದಿಂದ ಅಲ್ಲಿಗೆ ನೀವು ನಡೆದ ದೂರವೇ ನದಿಯ ಅಗಲ. ನೀರಿನ ಮೇಲೆ ಒಂದು ತ್ರಿಭುಜ, ಹೊಲದ ಮೇಲೆ ಇನ್ನೊಂದು. ಎರಡರಲ್ಲೂ ಒಂದು ಲಂಬಕೋನ, ಒಂದು 20 ಹೆಜ್ಜೆಯ ಬಾಹು, ಕೋಲಿನ ಹತ್ತಿರ ಶೃಂಗಾಭಿಮುಖ ಕೋನಗಳು. ಕೋಬಾಕೋ ಪ್ರಕಾರ ಸರ್ವಸಮ. ದಡ ಸೊಟ್ಟಗಿರುವಲ್ಲಿ ಮಾತ್ರ ಈ ಆಟ ನಡೆಯದು.

ಗ್ರೀಕರ ಥೇಲ್ಸ್ ದಡದಿಂದಲೇ ಸಮುದ್ರದ ಹಡಗುಗಳ ದೂರ ಹೇಳುತ್ತಿದ್ದ, ಅದಕ್ಕೆ ಈ ನಿಯಮವೇ ಬೇಕಿತ್ತು ಎಂದು ಪ್ರೋಕ್ಲಸ್ ಹಳೆಯ ಇತಿಹಾಸಕಾರ ಯೂಡೆಮಸ್‌ನ ಹೆಸರಿನಲ್ಲಿ ದಾಖಲಿಸಿದ್ದಾನೆ. ನಮ್ಮ ನಾಡಿನಲ್ಲಿ ಇದೇ ಬಗೆಯ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ವಿಲಿಯಂ ಲ್ಯಾಂಬ್ಟನ್‌ನಿಂದ. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಒಂದು ಗೆರೆಯನ್ನು ಆತ ಸರಪಳಿಯಿಂದ ಅಳೆದ. 1815ರಲ್ಲಿ ಬೀದರ್ ಕಡೆ ಇನ್ನೊಂದು ತಳಗೆರೆ. ನಡುವಿನ ನೂರಾರು ಮೈಲಿಯನ್ನು ಸರಪಳಿ ಹಿಡಿದು ಅಳೆಯಬೇಕಾಗಲಿಲ್ಲ. ಒಂದು ಬಾಹು ತಿಳಿದ ಮೇಲೆ ಗುಡ್ಡದಿಂದ ಗುಡ್ಡಕ್ಕೆ ಥಿಯೊಡೊಲೈಟಿನಿಂದ ಕೋನಗಳನ್ನಷ್ಟೇ ಅಳೆದು ತ್ರಿಭುಜದ ಪಕ್ಕ ತ್ರಿಭುಜ ಹೆಣೆಯುತ್ತ ಹೋದರು. ಒಂದು ಬಾಹು, ಎರಡು ಕೋನ ಸಿಕ್ಕರೆ ತ್ರಿಭುಜ ಇನ್ನು ಬೇರೆಯಾಗಲಾರದು ಎಂಬ ಭರವಸೆ ಇಲ್ಲದಿದ್ದರೆ ಆ ಇಡೀ ಸರ್ವೆಗೆ ಕಾಲೇ ಇರುತ್ತಿರಲಿಲ್ಲ. ಕೋಕೋಬಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಕೋನ ಗೊತ್ತಾದರೆ 180ರಲ್ಲಿ ಕಳೆದು ಮೂರನೆಯದು ಸಿಗುತ್ತದೆ, ಅದು ಕೋಬಾಕೋನ ತಮ್ಮ.

ಇಷ್ಟಾದರೂ ಮೂಲದಲ್ಲಿ ಒಂದು ಕಿರಿಕಿರಿ ಉಳಿದಿದೆ. ಬಾಕೋಬಾ ಸರಿ ಎಂದು ಹೇಗೆ ಗೊತ್ತು? ಯೂಕ್ಲಿಡ್ ತನ್ನ ಮೊದಲ ಪುಸ್ತಕದ ನಾಲ್ಕನೆಯ ಪ್ರಮೇಯದಲ್ಲಿ, ಈ ತ್ರಿಭುಜವನ್ನೆತ್ತಿ ಆ ತ್ರಿಭುಜದ ಮೇಲಿಡು, ಕೂಡುತ್ತದೆ ನೋಡು ಎನ್ನುತ್ತಾನೆ. ಏಳನೆಯ ತರಗತಿಯಲ್ಲಿ ಪಾರದರ್ಶಕ ಕಾಗದದ ಮೇಲೆ ಪಡಿಯಚ್ಚು ತೆಗೆದು ಮಕ್ಕಳು ಮಾಡುವುದೂ ಅದೇ. ಆದರೆ ಎತ್ತುವುದು, ಸರಿಸುವುದು ಎಲ್ಲಿಂದ ಬಂತು? ಎತ್ತಿದಾಗ ತ್ರಿಭುಜ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ ಎಂದು ಯಾರು ಹೇಳಿದರು? ಫ್ರಾನ್ಸಿನ ಪೆಲೆಟಿಯೆ 16ನೆಯ ಶತಮಾನದಲ್ಲೇ ಈ ಆಕ್ಷೇಪ ಎತ್ತಿದ. 1899ರಲ್ಲಿ ಜರ್ಮನಿಯ ಹಿಲ್ಬರ್ಟ್ ರೇಖಾಗಣಿತಕ್ಕೆ ಹೊಸ ತಳಪಾಯ ಹಾಕಿದಾಗ, ಬಾಕೋಬಾದ ಸಾರವನ್ನು ಸಾಧಿಸುವ ಗೋಜಿಗೆ ಹೋಗದೆ ಒಪ್ಪಿಕೊಂಡು ಮುಂದೆ ನಡೆದ. ನಮ್ಮ ಒಂಬತ್ತನೆಯ ತರಗತಿಯ ಪುಸ್ತಕದಲ್ಲೂ ಬಾಕೋಬಾ ಸ್ವಯಂಸಿದ್ಧ, ಕೋಬಾಕೋ ಪ್ರಮೇಯ. ಇದಕ್ಕೆ ಸಾಧನೆ ಯಾಕಿಲ್ಲ ಸರ್ ಎಂದು ಒಂದು ಮಗು ಕೇಳಿದರೆ, ಸುಮ್ಮನೆ ಕೂರಿಸಬಾರದು. ಪೆಲೆಟಿಯೆ ಕೇಳಿದ ಪ್ರಶ್ನೆಯ ನೆರೆಯಲ್ಲೇ ಅದು ನಿಂತಿದೆ.

ಅಕ್ಷರಗಳ ಕ್ರಮಕ್ಕೆ ಅಂಕ ಕಳೆದಾಗ ಮಕ್ಕಳು ಗೊಣಗುತ್ತಾರೆ. ಎಬಿಸಿ ತ್ರಿಭುಜ ಪಿಕ್ಯೂಆರ್‌ಗೆ ಸರ್ವಸಮ ಎಂದು ಬರೆದರೇನು, ಕ್ಯೂಪಿಆರ್‌ಗೆ ಎಂದು ಬರೆದರೇನು? ಅಲೆಕ್ಸಾಂಡ್ರಿಯದ ಪ್ಯಾಪಸ್ ಆ ಕ್ರಮವೊಂದನ್ನೇ ಹಿಡಿದು ಒಂದು ಪ್ರಮೇಯ ಸಾಧಿಸಿಬಿಟ್ಟ. ಎಬಿ ಮತ್ತು ಎಸಿ ಸಮವಾಗಿರುವ ಸಮದ್ವಿಬಾಹು ತ್ರಿಭುಜ ತೆಗೆದುಕೊಳ್ಳಿ. ಎಬಿಸಿಯನ್ನು ಎಸಿಬಿಗೆ ಹೋಲಿಸಿ, ಅಂದರೆ ಅದನ್ನು ಅದಕ್ಕೇ, ಮಗುಚಿ. ಎಬಿ ಎಸಿಗೆ ಸಮ, ಎಸಿ ಎಬಿಗೆ ಸಮ, ನಡುವಿನ ಎ ಕೋನ ಎ ಕೋನಕ್ಕೇ ಸಮ. ಬಾಕೋಬಾ ಪ್ರಕಾರ ಸರ್ವಸಮ, ಆದ್ದರಿಂದ ಬಿ ಕೋನವೂ ಸಿ ಕೋನವೂ ಸಮ. ಒಂದು ಗೆರೆ ಹೆಚ್ಚಿಗೆ ಎಳೆಯಲಿಲ್ಲ!

ತಿಕೋಟಾದಲ್ಲಿ ಮನೆ ಕಟ್ಟುವ ಗೌಂಡಿಗಳು ಈ ವಿದ್ಯೆಯ ಇನ್ನೊಂದು ತುದಿಯನ್ನು ಬಲ್ಲರು. ಮೂವತ್ತು ನಲವತ್ತರ ಸೈಟಿಗೆ ದಾರ ಕಟ್ಟುವಾಗ ಗೌಂಡಿ ಹೇಳುತ್ತಾನೆ: 'ಮೂಲಿಂದ ಮೂಲಿಗೆ ಟೇಪ್ ಹಿಡೀರಿ, ಐವತ್ತು ಬರಬೇಕು.' 30, 40, 50. ಬಂದರೆ ಮೂಲೆ ಮೂಲೆಮಟ್ಟಕ್ಕೆ ಕೂತಿದೆ. ಇದು ಪೈಥಾಗೊರಸ್ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲ, ಪೈಥಾಗೊರಸ್ ಹೇಳುವುದು ಲಂಬಕೋನವಿದ್ದರೆ 50 ಬರುತ್ತದೆ ಎಂದು. ಗೌಂಡಿಗೆ ಬೇಕಾದದ್ದು ತಿರುಗುಮುರುಗು: 50 ಬಂದರೆ ಲಂಬಕೋನ. ಅದನ್ನು ಖಚಿತಪಡಿಸುವುದು ಬಾಬಾಬಾ. 30, 40 ಬಾಹುಗಳ ನಡುವೆ ನಿಜವಾದ ಲಂಬಕೋನವಿರುವ ತ್ರಿಭುಜವೊಂದನ್ನು ಬೇರೆ ಬರೆಯಿರಿ, ಅದರ ವಿಕರ್ಣ ಪೈಥಾಗೊರಸ್ ಪ್ರಕಾರ 50. ಸೈಟಿನ ತ್ರಿಭುಜಕ್ಕೂ ಅವೇ ಮೂರು ಬಾಹು. ಹಾಗಾಗಿ ಎರಡೂ ಸರ್ವಸಮ, ಸೈಟಿನ ಮೂಲೆಯೂ 90. ಯೂಕ್ಲಿಡ್‌ನ ಮೊದಲ ಪುಸ್ತಕ ಮುಗಿಯುವುದು ಇದೇ ಪ್ರಮೇಯದಲ್ಲಿ.

ಅದೇ ನಾಲ್ಕು ಬದಿ 30, 40, 30, 40 ಇಟ್ಟುಕೊಂಡು ಒಂದು ಕರ್ಣ 49 ಅಡಿ ಬಂತೆನ್ನಿ. ಆಗ ಇನ್ನೊಂದು ಕರ್ಣ 51ರ ಹತ್ತಿರ ಬರುತ್ತದೆ. ತಮಾಷೆಯೆಂದರೆ ಕ್ಷೇತ್ರಫಲ 1,200 ಚದರ ಅಡಿಯಿಂದ ಒಂದೇ ಒಂದು ಚದರ ಅಡಿ ಇಳಿಯುತ್ತದೆ, ಕಾಗದದ ಮೇಲೆ ಏನೂ ಕಾಣಿಸುವುದಿಲ್ಲ. ಆದರೆ 30 ಅಡಿಯ ಗೋಡೆ ತುದಿಗೆ ಹೋಗುವಷ್ಟರಲ್ಲಿ ಸುಮಾರು ಒಂದೂಕಾಲು ಅಡಿ ಓರೆಯಾಗಿರುತ್ತದೆ. ಅದು ಗೊತ್ತಾಗುವುದು ಟೈಲ್ಸ್ ಹಾಕುವವನು ಬಂದ ದಿನ.

ವಿಜಯಪುರದ ಮಕ್ಕಳಿಗೆ ಮನೆಪಾಠಕ್ಕೆ ಗೋಳಗುಮ್ಮಟವಿದೆ. 1656ರ ಹೊತ್ತಿಗೆ ನಿಂತ ಮಹಮ್ಮದ್ ಆದಿಲ್ ಶಾಹನ ಗೋರಿ ಅದು, ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗುವ ಮೊದಲು ನೆಲದಲ್ಲಿ ನಿಂತು ತಲೆಯೆತ್ತಿ ನೋಡಿ. ಒಂದನ್ನೊಂದು ಹಾಯ್ದ ಎಂಟು ಕಮಾನುಗಳು ಗುಮ್ಮಟವನ್ನು ಹೊತ್ತಿವೆ. ಅವುಗಳ ವಿನ್ಯಾಸದ ಹಿಂದೆ ಇರುವುದು ಎರಡು ಚೌಕಗಳು, ಒಂದರ ಮೇಲೊಂದು 45 ಡಿಗ್ರಿ ತಿರುಗಿಸಿಟ್ಟವು. ಕಾಗದದ ಮೇಲೆ ಹಾಗೆ ಎರಡು ಸಮ ಚೌಕ ಬರೆದರೆ ನಡುವೆ ಅಷ್ಟಭುಜ, ಸುತ್ತ ಎಂಟು ಮೊನೆಗಳು. ಎಂಟೂ ಮೊನೆ ಸರ್ವಸಮ ಎಂದು ಹೇಗೆ ತೋರಿಸುತ್ತೀರಿ? ಸುಳಿವು: ಒಂದು ಚೌಕದ ಮೂಲೆಯನ್ನು ಕೇಂದ್ರಕ್ಕೆ ಕೂಡಿಸುವ ಗೆರೆ ಇನ್ನೊಂದು ಚೌಕದ ಬದಿಗೆ ಲಂಬ. ಮೂಲೆ ಕೇಂದ್ರದಿಂದ ಎಷ್ಟು ದೂರ, ಬದಿ ಎಷ್ಟು ದೂರ ಎಂಬುದು ಎಂಟರಲ್ಲೂ ಒಂದೇ, ಆದ್ದರಿಂದ ಮೊನೆಯ ಎತ್ತರವೂ ಒಂದೇ. ಆ ಎತ್ತರ ಚೌಕದ ಮೂಲೆಯನ್ನು 45, 45 ಎಂದು ಸೀಳುತ್ತದೆ. ಮುಂದೆ ಕೋಬಾಕೋ. ಎಂಟಲ್ಲ, ಹದಿನಾರು ಸರ್ವಸಮ ತ್ರಿಭುಜಗಳೇ ಸಿಕ್ಕವು.

ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ 'ಸರ್ವಸಮ ಎಂದು ಸಾಧಿಸಿ' ಎಂಬ ಪ್ರಶ್ನೆಯೇ ಹೆಚ್ಚು. ಸಾಧಿಸಿ ಎಂದು ಹೇಳಿದ ಮೇಲೆ ಅದು ಸರ್ವಸಮವೇ ಎಂದು ಮಗುವಿಗೆ ಮೊದಲೇ ತಿಳಿದುಹೋಯಿತು, ಉಳಿದದ್ದು ಐದರಲ್ಲಿ ಯಾವ ಹೆಸರು ಬರೆಯಬೇಕು ಎಂಬ ಊಹೆ. ಮುಂದಿನ ಕಿರುಪರೀಕ್ಷೆಗೆ ಐದು ಜೋಡಿ ತ್ರಿಭುಜ ಕೊಡಿ, ಅವುಗಳಲ್ಲಿ ಎರಡಕ್ಕೆ ಮಾಹಿತಿ ಸಾಲದಂತೆ ನೋಡಿಕೊಳ್ಳಿ. ಯಾವ ಎರಡು ಎಂದು ಹೇಳಬೇಡಿ. ಮಾಹಿತಿ ಸಾಲದು ಎಂದು ಬರೆದು, ಅದೇ ಅಳತೆಗೆ ಬೇರೆ ಬೇರೆ ಎರಡು ತ್ರಿಭುಜ ಎಳೆದು ತೋರಿಸಿದ ಮಗುವಿಗೆ ಪೂರ್ತಿ ಅಂಕ ಕೊಡಿ.